ಕಾಣೆಯಾದ ಒಂದು ರೂಪಾಯಿ: ಬಳಕೆದಾರರ ಕೈಪಿಡಿ

ಈ ಒಗಟನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಇದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ, ಸವೆಯುವ ಭಾಗ ಒಂದೂ ಇಲ್ಲ. 1930ರ ದಶಕದ ಇಂಗ್ಲಿಷ್ ಒಗಟಿನ ಪುಸ್ತಕಗಳಲ್ಲೇ ಇದರ ಹಳೆಯ ಮಾದರಿ ಸಿಗುತ್ತದೆ. ಅಲ್ಲಿ ಪ್ರಯಾಣಿಕರಿದ್ದರು, ವಸತಿಗೃಹವಿತ್ತು. ನಮ್ಮಲ್ಲಿಗೆ ಬಂದ ಮೇಲೆ ಹೋಟೆಲು, ಗಲ್ಲಾ, ಮಾಣಿ ಸೇರಿಕೊಂಡು ಇದು ಪೂರ್ತಿ ಊರಿನ ಸರಕಾಗಿದೆ. ಬಳಸುವ ಮುನ್ನ ಕೈಪಿಡಿಯನ್ನು ಕೊನೆಯವರೆಗೆ ಓದಿ. ಅರ್ಧ ಓದಿ ಪ್ರಯೋಗಕ್ಕಿಳಿದವರು, ಎದುರಿನವರು ಉತ್ತರ ಕೇಳಿದಾಗ ಫೋನ್ ಬಂತೆಂದು ಎದ್ದು ಹೋಗಬೇಕಾಗುತ್ತದೆ.

1. ಪೆಟ್ಟಿಗೆಯಲ್ಲಿ ಏನೇನಿದೆ

ಸ್ನೇಹಿತರು: 3
ಹತ್ತು ರೂಪಾಯಿ ನೋಟು: 3
ಹೋಟೆಲ್ ಯಜಮಾನ, ಗಲ್ಲಾ ಸಮೇತ: 1
ಮಾಣಿ: 1
ಒಂದು ರೂಪಾಯಿ ನಾಣ್ಯ: 5
ಕೊನೆಯ ವಾಕ್ಯ: 1

ಎಲ್ಲವನ್ನೂ ಎಣಿಸಿಕೊಳ್ಳಿ. ಕಾಣೆಯಾದ ರೂಪಾಯಿ ಪೆಟ್ಟಿಗೆಯಲ್ಲಿಲ್ಲವೆಂದು ದೂರು ಕೊಡಬೇಡಿ. ಅದನ್ನು ನಾವು ತಯಾರಿಸಿಯೇ ಇಲ್ಲ.

ಮೂವರು ತಿಂಡಿ ತಿಂದರೆ 25 ರೂಪಾಯಿ ಬಿಲ್ಲಾಗುವ ಹೋಟೆಲ್ ಈಗ ಎಲ್ಲಿದೆ ಎಂದು ಕೆಲವರು ತಗಾದೆ ತೆಗೆಯಬಹುದು. ಅವರಿಗಾಗಿ ದರ ಪರಿಷ್ಕರಿಸಲು ಹೋಗಬೇಡಿ. ಸೊನ್ನೆ ಹಚ್ಚಿ 300, 250 ಮಾಡಿದರೆ ಕಾಣೆಯಾಗುವುದೂ ಹತ್ತು ರೂಪಾಯಿ ಆಗುತ್ತದೆ. ಹತ್ತು ರೂಪಾಯಿ ಹೋಯಿತೆಂದರೆ ಜನ ಲೆಕ್ಕ ಕೇಳುತ್ತಾರೆ. ಒಂದು ರೂಪಾಯಿಗಾದರೆ ಬರೀ ಆಶ್ಚರ್ಯಪಡುತ್ತಾರೆ.

2. ಸ್ಥಳ, ಕಾಲ, ಕೇಳುಗ

ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವ ಹೊತ್ತು ಪ್ರಶಸ್ತ. ಹೊಟ್ಟೆ ಹಸಿದಿರುತ್ತದೆ, ಮಾತಿಗೆ ವಿಷಯ ಮುಗಿದಿರುತ್ತದೆ, ಕುರ್ಚಿ ಬಿಟ್ಟು ಎದ್ದರೆ ಬೇರೆಯವರು ಕೂತುಬಿಡುತ್ತಾರೆ. ರಾತ್ರಿ ರೈಲು, ಆಸ್ಪತ್ರೆಯ ಹೊರಗಿನ ಬೆಂಚು, ಕರೆಂಟು ಹೋದ ಮನೆ ಕೂಡ ಆದೀತು.

ಕೇಳುಗ ಲೆಕ್ಕ ಬಲ್ಲವನಾಗಿರಬೇಕು. ಇದು ಬಹಳ ಮುಖ್ಯ. ಲೆಕ್ಕ ಬಾರದವನು ‘ಹೋಗ್ಲಿ ಬಿಡಿ, ಒಂದು ರೂಪಾಯಿ ತಾನೆ’ ಎಂದುಬಿಡುತ್ತಾನೆ. ಬಲ್ಲವನು ಬಿಡುವುದಿಲ್ಲ. ಬ್ಯಾಂಕಿನವರು, ಗಣಿತದ ಮೇಷ್ಟರು, ಲೆಕ್ಕಪರಿಶೋಧಕರು ಅತ್ಯುತ್ತಮ. ತೀರಾ ಚಿಕ್ಕ ಮಕ್ಕಳು ಬೇಡ. ಅವರು ‘ಮಾಣಿ ಯಾಕೆ ಕದ್ದ?’ ಎಂದು ಕೇಳುತ್ತಾರೆ, ಅದಕ್ಕೆ ಈ ಕೈಪಿಡಿಯಲ್ಲಿ ಉತ್ತರವಿಲ್ಲ.

ಪೆನ್ನು, ಹಾಳೆ ಹತ್ತಿರದಲ್ಲಿ ಇರಬಾರದು. ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಚಿಂತೆಯಿಲ್ಲ. 27ಕ್ಕೆ 2 ಕೂಡಿದರೆ 29 ಎಂದು ಅದು ನಿಷ್ಠೆಯಿಂದ ಹೇಳಿ ನಿಮ್ಮ ಪರವಾಗಿ ಸಾಕ್ಷಿ ನುಡಿಯುತ್ತದೆ.

3. ಓಡಿಸುವ ವಿಧಾನ

ಹಂತ ಒಂದು: ಮೂವರು ಸ್ನೇಹಿತರು ಹೋಟೆಲಿಗೆ ಹೋಗಿ ತಿಂಡಿ ತಿಂದರು, ಬಿಲ್ಲು 30 ರೂಪಾಯಿ ಆಯಿತು, ತಲಾ ಹತ್ತು ಹಾಕಿ ಕೊಟ್ಟರು ಎನ್ನಿ. ಇಲ್ಲಿ ಕೇಳುಗ ‘ಸರಿ’ ಅನ್ನಬೇಕು. ಅನ್ನುವವರೆಗೆ ಮುಂದೆ ಹೋಗಬೇಡಿ.

ಹಂತ ಎರಡು: ಗಲ್ಲಾದಲ್ಲಿ ಕೂತಿದ್ದ ಯಜಮಾನ ಬಿಲ್ಲು ನೋಡಿ, ಆಗಿದ್ದು 25 ಮಾತ್ರ, ಹೆಚ್ಚು ತಗೊಂಡಿದ್ದೇವೆ ಎಂದು ಐದು ರೂಪಾಯಿ ಚಿಲ್ಲರೆಯನ್ನು ಮಾಣಿಯ ಕೈಯಲ್ಲಿ ಕಳಿಸಿದ. ಯಜಮಾನ ಒಳ್ಳೆಯವನು ಎಂಬ ಭಾವನೆ ಬರುವಂತೆ ಹೇಳಿ.

ಹಂತ ಮೂರು: ಐದನ್ನು ಮೂವರಿಗೆ ಹಂಚುವುದು ಹೇಗೆ? ಮಾಣಿ ಎರಡು ರೂಪಾಯಿ ಜೇಬಿಗಿಳಿಸಿ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ. ಇಲ್ಲಿ ಸ್ವಲ್ಪ ನಿಲ್ಲಿಸಿ. ಕೇಳುಗನಿಗೆ ಕಳ್ಳ ಸಿಕ್ಕಿದ್ದಾನೆ. ಇನ್ನು ಮುಂದೆ ಏನೇ ಕಾಣೆಯಾದರೂ ಅವನ ಕಣ್ಣು ಮಾಣಿಯ ಜೇಬಿನ ಮೇಲೇ ಇರುತ್ತದೆ, ನಿಮ್ಮ ಬಾಯಿಯ ಮೇಲೆ ಇರುವುದಿಲ್ಲ.

ಹಂತ ನಾಲ್ಕು: ‘ಅಂದರೆ ಒಬ್ಬೊಬ್ಬರು ಕೊಟ್ಟಿದ್ದು ಒಂಬತ್ತು. ಒಂಬತ್ಮೂರ್ಲ ಇಪ್ಪತ್ತೇಳು.’ ಇದನ್ನು ಮಗ್ಗಿಯ ರಾಗದಲ್ಲೇ ಹೇಳಿ. ಮಗ್ಗಿ ಕೇಳಿದರೆ ನಲವತ್ತು ದಾಟಿದ ಯಾವ ಕನ್ನಡಿಗನ ತಲೆಯೂ ತಾನಾಗಿಯೇ ಆಡುತ್ತದೆ.

ಹಂತ ಐದು: ತಲೆಯಾಡುತ್ತಿರುವಾಗಲೇ, ಉಸಿರು ಬಿಡದೆ, ‘ಮಾಣಿ ಹತ್ರ ಎರಡು. ಇಪ್ಪತ್ತೇಳು ಎರಡು ಇಪ್ಪತ್ತೊಂಬತ್ತು. ಇನ್ನೊಂದು ರೂಪಾಯಿ ಎಲ್ಲಿ ಹೋಯ್ತು?’

ಹಂತ ಆರು: ಸುಮ್ಮನಿರಿ.

4. ಪ್ರಾತ್ಯಕ್ಷಿಕೆ

ಛತ್ರದ ಊಟದ ಹಾಲಿನ ಹೊರಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. ಕೇಳುವವನು ಹುಡುಗ, ಕೇಳಿಸಿಕೊಂಡವರು ಬ್ಯಾಂಕಿನಿಂದ ನಿವೃತ್ತರಾದ ಚಿಕ್ಕಪ್ಪ. ಐದನೇ ಹಂತ ಈಗಷ್ಟೇ ಮುಗಿದಿದೆ.

‘ಇಪ್ಪತ್ತೊಂಬತ್ತಾ? ಇರು, ಇರು. ಮೂವತ್ತು ಕೊಟ್ರು. ಐದು ವಾಪಸ್ ಬಂತು. ಮೂರು ಇವರಿಗೆ, ಎರಡು ಅವನಿಗೆ.’

‘ಹೌದು ಚಿಕ್ಕಪ್ಪ.’

‘ಒಂಬತ್ಮೂರ್ಲ ಇಪ್ಪತ್ತೇಳು. ಎರಡು. ಇಪ್ಪತ್ತೊಂಬತ್ತು.’ ಬೆರಳಿನ ಗೆಣ್ಣು ಮತ್ತೆ ಎಣಿಸಿದರು. ‘ಆ ಮಾಣಿ ಹತ್ರ ಮೂರು ಇರ್ಬೇಕು ಕಣೋ.’

‘ಎರಡೇ ಚಿಕ್ಕಪ್ಪ.’

‘ಸರಿಯಾಗಿ ವಿಚಾರಿಸಿದ್ರಾ ಅವನ್ನ?’

ಪಕ್ಕದ ಕುರ್ಚಿಯಲ್ಲಿ ಎಲೆ ಅಡಿಕೆ ಜೋಡಿಸುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆ ಕೇಳಿದರು: ‘ಅಲ್ರೀ, ಅವನು ಕದ್ದಿದ್ದು ಇವರ ದುಡ್ಡೇ ತಾನೆ? ಅದನ್ನ ಯಾಕೆ ಮತ್ತೆ ಇವರ ಲೆಕ್ಕಕ್ಕೆ ಕೂಡ್ತೀರಿ?’

ಉಪಕರಣ ನಿಂತಿತು. ಚಿಕ್ಕಪ್ಪನವರಿಗೆ ಮಾತ್ರ ಸಂಜೆ ಬೀಗರೂಟದ ತನಕ ಸಮಾಧಾನವಾಗಲಿಲ್ಲ. ಚಿಕ್ಕಮ್ಮ ಹೇಳಿದ್ದು ಸರಿ ಎಂದು ಒಪ್ಪಿದರೂ, ರೂಪಾಯಿ ಎಲ್ಲಿ ಎಂದು ಕೇಳುವುದನ್ನು ಬಿಡಲಿಲ್ಲ. ಇದು ಉಪಕರಣದ ದೋಷವಲ್ಲ, ವೈಶಿಷ್ಟ್ಯ.

5. ಒಳಗೆ ನಡೆಯುವುದೇನು

(ಈ ಭಾಗವನ್ನು ಕೇಳುಗರ ಕೈಗೆ ಸಿಗದಂತೆ ಇಡಿ.)

ಅಂಗಡಿ ಲೆಕ್ಕದ ಪುಸ್ತಕ ಬರೆಯುವವರು ಜಮಾ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬರೆದು, ಕೊನೆಗೆ ಶಿಲ್ಕು ತೆಗೆಯುತ್ತಾರೆ. ಈ ಲೆಕ್ಕವನ್ನೂ ಹಾಗೆಯೇ ಬರೆಯಿರಿ. ಸ್ನೇಹಿತರ ಕೈಯಿಂದ ಹೋದದ್ದು 27. ಅದು ಸೇರಿದ್ದು ಗಲ್ಲಾಕ್ಕೆ 25, ಮಾಣಿಗೆ 2. ಸ್ನೇಹಿತರ ಜೇಬಿಗೆ ಮರಳಿದ್ದು 3. 27ಕ್ಕೆ ಈ 3 ಕೂಡಿದರೆ 30. ಲೆಕ್ಕ ಮುಗಿಯಿತು, ಯಾವ ರೂಪಾಯಿಯೂ ಎಲ್ಲಿಗೂ ಹೋಗಿಲ್ಲ.

ಮಾಣಿಯ ಎರಡು ರೂಪಾಯಿ 27ರ ಹೊಟ್ಟೆಯೊಳಗೇ ಇದೆ. ಅದನ್ನು 27ರಿಂದ ಕಳೆದರೆ ಹೋಟೆಲಿಗೆ ಸಂದದ್ದು ಗೊತ್ತಾಗುತ್ತದೆ. ಕೂಡಿದರೆ ಬರುವ 29 ಯಾರ ದುಡ್ಡೂ ಅಲ್ಲ, ಯಾವ ಖಾತೆಯ ಮೊತ್ತವೂ ಅಲ್ಲ. ಅದು 30ರ ಪಕ್ಕದಲ್ಲಿ ಬಂದು ನಿಂತದ್ದು ನಾವು ಆರಿಸಿದ ಅಂಕಿಗಳಿಂದ.

ನಂಬಿಕೆ ಬಾರದಿದ್ದರೆ ಅಂಕಿಗಳನ್ನು ಸ್ವಲ್ಪ ತಿರುಗಿಸಿ ನೋಡಿ. ಯಜಮಾನನ ಮಗಳ ಮದುವೆ ಗೊತ್ತಾಗಿದೆ, ಇವತ್ತು ಯಾರ ಹತ್ತಿರವೂ ದುಡ್ಡು ಬೇಡವೆಂದು ಪೂರ್ತಿ 30 ರೂಪಾಯಿ ವಾಪಸ್ ಕಳಿಸಿದ ಎನ್ನಿ. ಮಾಣಿ ಧೈರ್ಯಸ್ಥ. 27 ಜೇಬಿಗೆ ಹಾಕಿಕೊಂಡು ಒಬ್ಬೊಬ್ಬರಿಗೆ ಒಂದೊಂದೇ ರೂಪಾಯಿ ಕೊಟ್ಟ. ಈಗಲೂ ಒಬ್ಬೊಬ್ಬರು ಕೊಟ್ಟಿದ್ದು ಒಂಬತ್ತೇ. ಒಂಬತ್ಮೂರ್ಲ ಇಪ್ಪತ್ತೇಳು. ಮಾಣಿ ಹತ್ತಿರ ಇಪ್ಪತ್ತೇಳು. ಒಟ್ಟು 54! ಮೂವತ್ತು ರೂಪಾಯಿ ಒಂದು ಟೇಬಲಿನಿಂದ ಗಲ್ಲಾಕ್ಕೆ ಹೋಗಿ ಬರುವಷ್ಟರಲ್ಲಿ 24 ರೂಪಾಯಿ ಮರಿ ಹಾಕಿತೇ? ಅದೇ ವಾಕ್ಯ, ಅದೇ ಕೂಡುವಿಕೆ. ಆದರೆ 54 ಎಂದಾಕ್ಷಣ ಕೇಳುಗ ನಗುತ್ತಾನೆ, 29 ಎಂದರೆ ನಗುವುದಿಲ್ಲ. ಸುಳ್ಳು ಮೊತ್ತ ನಿಜವಾದ ಮೊತ್ತಕ್ಕೆ ಹತ್ತಿರವಿದ್ದಷ್ಟೂ ನಮ್ಮ ಅನುಮಾನ ಕೂಡಿಸಿದವನನ್ನು ಬಿಟ್ಟು ರೂಪಾಯಿಯ ಹಿಂದೆ ಓಡುತ್ತದೆ.

ಹಾಗಾದರೆ ಲೆಕ್ಕ ಬಲ್ಲವರೇ ಯಾಕೆ ಬೀಳುತ್ತಾರೆ? ದಡ್ಡತನದಿಂದಲ್ಲ, ಮರ್ಯಾದೆಯಿಂದ. ಒಬ್ಬರು ಪ್ರಶ್ನೆ ಕೇಳಿದರೆಂದರೆ ಅದರಲ್ಲಿ ಅರ್ಥವಿದ್ದೀತು, ಹೇಳಿದ ಅಂಕಿಗಳು ಬೇಕಾದವೇ ಇದ್ದಾವು, ಕೂಡಿ ಅಂದರೆ ಕೂಡುವ ಕಾರಣವಿದ್ದೀತು ಎಂದು ನಾವು ನಂಬುತ್ತೇವೆ. ಹಾಗೆ ನಂಬದೆ ದಿನವೊಂದರಲ್ಲಿ ಹಾಲಿನವನ ಜೊತೆಗೂ ಮಾತು ಮುಗಿಸಲಾಗದು. ಮಾತುಕತೆಯೆಂದರೆ ಇಬ್ಬರೂ ಸಹಕರಿಸುತ್ತಿದ್ದಾರೆಂಬ ಒಡಂಬಡಿಕೆಯ ಮೇಲೆ ನಿಂತದ್ದು ಎಂದು ತತ್ತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1975ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಾದಿಸಿದರು. ನಮ್ಮ ಉಪಕರಣ ಓಡುವುದು ಆ ಒಡಂಬಡಿಕೆಯ ಬಲದಿಂದ. ಕೇಳುಗ ಅದನ್ನು ಪಾಲಿಸುತ್ತಾನೆ, ನೀವು ಪಾಲಿಸುವುದಿಲ್ಲ, ಅಷ್ಟೆ.

6. ಇದೇ ಕಾರ್ಖಾನೆಯ ಇತರ ಮಾದರಿಗಳು

ಬಸ್ ಮಾದರಿ. ‘ಮೈಸೂರಿಂದ ಬೆಂಗಳೂರಿಗೆ ಬಸ್ ಓಡಿಸ್ಕೊಂಡು ಹೊರಟಿದ್ದೀರಿ ಅಂತ ಇಟ್ಕೊಳ್ಳಿ. ಹೊರಡುವಾಗ ನಲವತ್ತು ಜನ. ಶ್ರೀರಂಗಪಟ್ಟಣದಲ್ಲಿ ಏಳು ಜನ ಹತ್ತಿದರು. ಮಂಡ್ಯದಲ್ಲಿ ಹನ್ನೆರಡು ಇಳಿದು ಒಂಬತ್ತು ಹತ್ತಿದರು. ಮದ್ದೂರಲ್ಲಿ ವಡೆ ತಿನ್ನೋಕೆ ಇಳಿದ ಇಬ್ಬರು ವಾಪಸ್ ಬರಲೇ ಇಲ್ಲ. ಈಗ ಹೇಳಿ, ಡ್ರೈವರ್ ವಯಸ್ಸೆಷ್ಟು?’ ಕನ್ನಡದಲ್ಲಿ ಈ ಮಾದರಿಗೆ ಒಂದು ಅನುಕೂಲವಿದೆ. ‘ನೀವು’ ಎಂದು ಬಾಯಿಬಿಟ್ಟು ಹೇಳಬೇಕಿಲ್ಲ, ‘ಹೊರಟಿದ್ದೀರಿ’ಯ ಬಾಲದಲ್ಲೇ ಅದು ಕೂತಿರುತ್ತದೆ. ಮಂಡ್ಯ ಬರುವಷ್ಟರಲ್ಲಿ ಕೇಳುಗ ಬೆರಳು ಮಡಚಲು ಶುರುಮಾಡಿರುತ್ತಾನೆ, ಡ್ರೈವರ್ ಸೀಟಿನಲ್ಲಿ ಕೂತದ್ದು ತಾನೇ ಎಂಬುದು ಮರೆತುಹೋಗಿರುತ್ತದೆ.

ಹಡಗಿನ ಮಾದರಿ. ಬಸ್ ಮಾದರಿಯ ಅಣ್ಣ. ಇದರಲ್ಲಿ ಉತ್ತರ ಎಲ್ಲೂ ಅಡಗಿಲ್ಲ. ಫ್ರೆಂಚ್ ಕಾದಂಬರಿಕಾರ ಗುಸ್ತಾವ್ ಫ್ಲಾಬೇರ್ 1840ರ ದಶಕದಲ್ಲಿ ತಂಗಿಗೆ ಬರೆದ ಪತ್ರದಲ್ಲಿ ಹಡಗಿನ ವಿವರಗಳನ್ನೆಲ್ಲ ಕೊಟ್ಟು, ಕಪ್ತಾನನ ವಯಸ್ಸೆಷ್ಟು ಎಂದು ಕೀಟಲೆ ಮಾಡಿದ್ದ. ಸುಮಾರು 1980ರಲ್ಲಿ ಅದೇ ದೇಶದ ಗ್ರೆನೋಬಲ್‌ನ ಗಣಿತ ಶಿಕ್ಷಣ ಸಂಸ್ಥೆಯವರು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇದನ್ನು ನಿಜವಾಗಿಯೇ ಕೊಟ್ಟರು: ಹಡಗಿನಲ್ಲಿ 26 ಕುರಿ, 10 ಆಡು ಇವೆ, ಕಪ್ತಾನನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಕೊಟ್ಟ ಅಂಕಿಗಳನ್ನು ಹಿಡಿದು ಲೆಕ್ಕ ಮಾಡಿ ಒಂದು ವಯಸ್ಸು ಹೇಳಿದರು. ಮಕ್ಕಳ ತಪ್ಪೇನಿಲ್ಲ. ಮೇಷ್ಟರು ಕೊಟ್ಟ ಅಂಕಿಯನ್ನೆಲ್ಲ ಬಳಸಬೇಕು, ಪ್ರಶ್ನೆಯೆಂದ ಮೇಲೆ ಉತ್ತರ ಇರಲೇಬೇಕು ಎಂದು ಶಾಲೆಯೇ ಕಲಿಸಿತ್ತು.

ಬ್ಯಾಟು–ಚೆಂಡು ಮಾದರಿ. ಎರಡೂ ಸೇರಿ 110 ರೂಪಾಯಿ. ಬ್ಯಾಟು ಚೆಂಡಿಗಿಂತ 100 ರೂಪಾಯಿ ಹೆಚ್ಚು. ಚೆಂಡಿನ ಬೆಲೆ? ಬಾಯಿಗೆ ಬರುವುದು ಹತ್ತು, ಸರಿಯಾದದ್ದು ಐದು. ಹತ್ತಾದರೆ ಬ್ಯಾಟು 110 ಆಗಿ ಒಟ್ಟು 120 ಆಗಿಬಿಡುತ್ತದೆ. ‘ಹೆಚ್ಚು’ ಎಂಬ ನಾಲ್ಕಾಣೆ ಮಾತನ್ನು ನುಂಗಿಕೊಂಡು ಕೇಳುಗ ‘ಬ್ಯಾಟು 100’ ಎಂದೇ ಕೇಳಿಸಿಕೊಳ್ಳುವುದು ಇದರ ತಂತ್ರ. ಸಂಶೋಧಕ ಶೇನ್ ಫ್ರೆಡರಿಕ್ 2005ರಲ್ಲಿ ಪ್ರಕಟಿಸಿದ ಮೂರು ಪ್ರಶ್ನೆಗಳ ಪರೀಕ್ಷೆಯಲ್ಲಿ ಇದರ ಡಾಲರ್ ರೂಪ ಇತ್ತು. ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳಲ್ಲೂ ಮೂರಕ್ಕೆ ಮೂರು ಸರಿ ಮಾಡಿದವರು ನೂರಕ್ಕೆ 48 ಮಾತ್ರ.

ಪುರಾಣ ಮಾದರಿ. ‘ಲಕ್ಷ್ಮಣ ಮೂರ್ಛೆ ಹೋದಾಗ ಭೀಮ ಸಂಜೀವಿನಿ ಬೆಟ್ಟವನ್ನು ಯಾವ ಕೈಯಲ್ಲಿ ಹೊತ್ತು ತಂದ?’ ಎಡವೋ ಬಲವೋ ಎಂದು ಹಿರಿಯರು ವಾದಕ್ಕಿಳಿಯುತ್ತಾರೆ. ಭೀಮನಿಗೆ ರಾಮಾಯಣದಲ್ಲಿ ಏನು ಕೆಲಸ ಎಂದು ಆಮೇಲೆ ಹೊಳೆಯುತ್ತದೆ. ಭೀಮನೂ ವಾಯುಪುತ್ರ, ಹನುಮನೂ ವಾಯುಪುತ್ರ. ಇಬ್ಬರ ಕೈಯಲ್ಲೂ ಗದೆ. ಆ ಜಾಗದಲ್ಲಿ ಶಕುನಿಯನ್ನು ನಿಲ್ಲಿಸಿದರೆ ಮಾದರಿ ಓಡುವುದಿಲ್ಲ. 1981ರಲ್ಲಿ ಎರಿಕ್ಸನ್ ಮತ್ತು ಮ್ಯಾಟ್ಸನ್ ಎಂಬ ಸಂಶೋಧಕರು ನೋಹನ ನಾವೆಯ ಕಥೆಗೆ ಮೋಸೆಯ ಹೆಸರು ತೂರಿಸಿ ಪ್ರಶ್ನೆ ಕೇಳಿ ಇದನ್ನೇ ಕಂಡರು. ಕಥೆ ಚೆನ್ನಾಗಿ ಗೊತ್ತಿದ್ದವರೂ ಬಿದ್ದರು. ತಪ್ಪು ಹೆಸರು ಸರಿ ಹೆಸರಿನ ನೆಂಟನಂತಿದ್ದರೆ ಸಾಕು, ಒಳಗೆ ಬಿಡುತ್ತೇವೆ.

7. ದೋಷ ನಿವಾರಣೆ

ಕೇಳುಗ ‘ಇದು ಹಳೇದು, ಗೊತ್ತು’ ಎಂದರೆ: ಹಾಗಾದರೆ ವಿವರಿಸಿ ಎನ್ನಿ. ಉತ್ತರ ಕೇಳಿ ಮರೆತವರು ಬಹಳ. ವಿವರಿಸಲು ಹೊರಟು ಅರ್ಧದಾರಿಯಲ್ಲಿ ಅವರೇ 29ರ ಹತ್ತಿರ ಬಂದು ನಿಲ್ಲುತ್ತಾರೆ.

ಕೇಳುಗ ಜಿಎಸ್‌ಟಿ ಬಗ್ಗೆ ಕೇಳಿದರೆ: ವಿನಯದಿಂದ ವಿಷಯ ಬದಲಿಸಿ.

ಕೇಳುಗ ಜೇಬಿನಿಂದ ನಿಜವಾದ ನಾಣ್ಯ ತೆಗೆದು ಮೇಜಿನ ಮೇಲೆ ಜೋಡಿಸತೊಡಗಿದರೆ: ಆಟ ಮುಗಿಯಿತು. ನಾಣ್ಯಕ್ಕೆ ಭಾಷೆ ಬಾರದು. ಗಲ್ಲಾದ ಮುಂದೆ 25, ಮಾಣಿಯ ಮುಂದೆ 2, ಮೂವರ ಮುಂದೆ ಒಂದೊಂದು ಕೂತುಬಿಟ್ಟರೆ 29 ಎಂಬುದನ್ನು ಇಡಲು ಮೇಜಿನ ಮೇಲೆ ಜಾಗವೇ ಇರುವುದಿಲ್ಲ.

ಕೇಳುಗ ‘ಯಾಕೆ ಕೂಡಬೇಕು?’ ಎಂದು ಕೇಳಿದರೆ: ರಿಪೇರಿ ಇಲ್ಲ. ಎದ್ದು ನಿಂತು ಕೈಮುಗಿಯಿರಿ.

8. ಸುರಕ್ಷತಾ ಸೂಚನೆ

ಈ ಉಪಕರಣ ಕಾಲಕ್ಷೇಪಕ್ಕೆ ಮಾತ್ರ. ಇದನ್ನು ರಣರಂಗದಲ್ಲಿ ಬಳಸಿದ ಉದಾಹರಣೆ ಮಹಾಭಾರತದಲ್ಲಿದೆ. ಅಶ್ವತ್ಥಾಮನೆಂಬ ಹೆಸರಿನ ಆನೆಯನ್ನು ಭೀಮ ಕೊಂದ. ಅಶ್ವತ್ಥಾಮ ಸತ್ತನೆಂದು ಧರ್ಮರಾಯ ದ್ರೋಣರಿಗೆ ಕೇಳುವಂತೆ ಹೇಳಿ, ಆನೆಯ ಮಾತನ್ನು ತಗ್ಗಿದ ದನಿಯಲ್ಲಿ ನುಂಗಿದ. ಹೇಳಿದ ಪದಗಳಲ್ಲಿ ಒಂದೂ ಸುಳ್ಳಲ್ಲ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದು ಕೆಳಗಿಳಿಯಿತು. ಪದಗಳು ನಿಜವಾಗಿದ್ದರೆ ಸಾಕು, ಕೇಳಿದವನು ಏನು ತಿಳಿದುಕೊಂಡ ಎಂಬುದಕ್ಕೆ ತಾನು ಹೊಣೆಯಲ್ಲ ಎನ್ನುವ ವಾದವನ್ನು ಪುರಾಣ ಒಪ್ಪಿಲ್ಲ.

ಸಾಲ ಮಾರುವವರು ಇನ್ನೂ ಒಪ್ಪುತ್ತಾರೆ. ಅವರ ಹತ್ತಿರ ನಮ್ಮ ಉಪಕರಣದ ದೊಡ್ಡ ಮಾದರಿ ಇದೆ. ‘ಒಂದು ಲಕ್ಷ ತಗೊಳ್ಳಿ ಸಾರ್, ವರ್ಷಕ್ಕೆ ಶೇಕಡಾ 12 ಫ್ಲಾಟ್, ಹನ್ನೆರಡು ಕಂತು.’ ಬಡ್ಡಿ 12,000, ತಿಂಗಳ ಕಂತು ಸುಮಾರು 9,333. ಮಗ್ಗಿಯಷ್ಟೇ ಸಲೀಸು, ತಲೆ ಆಡುತ್ತದೆ. ಆದರೆ ಮೊದಲ ಕಂತಿನಿಂದಲೇ ನೀವು ಅಸಲು ಹಿಂದಿರುಗಿಸುತ್ತ ಬರುತ್ತೀರಿ. ಆರು ಕಂತು ಕಟ್ಟುವ ಹೊತ್ತಿಗೆ ನಿಮ್ಮ ಕೈಯಲ್ಲಿರುವುದು ಹೆಚ್ಚುಕಡಿಮೆ ಅರ್ಧ ಸಾಲ, ಬಡ್ಡಿ ಮಾತ್ರ ಪೂರ್ತಿ ಲಕ್ಷದ್ದು. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಆ 12 ನಿಜದಲ್ಲಿ ಸುಮಾರು ಶೇಕಡಾ 21.5. ಸ್ನೇಹಿತರ ಖರ್ಚಿಗೆ ಅವರದೇ ಎರಡು ರೂಪಾಯಿಯನ್ನು ಮತ್ತೆ ಕೂಡಿದ ಹಾಗೆಯೇ ಇಲ್ಲಿ ವಾಪಸ್ ಕೊಟ್ಟ ದುಡ್ಡು ಮತ್ತೆ ಲೆಕ್ಕಕ್ಕೆ ಬಂದಿದೆ. ವ್ಯತ್ಯಾಸವೇನೆಂದರೆ ಇಲ್ಲಿ ರೂಪಾಯಿ ನಿಜವಾಗಿಯೂ ಕಾಣೆಯಾಗುತ್ತದೆ.

ಈ ದೊಡ್ಡ ಮಾದರಿಗೆ ಸರ್ಕಾರಿ ಮುನ್ನೆಚ್ಚರಿಕೆಯೂ ಬಂದಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 1 ಅಕ್ಟೋಬರ್ 2024ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಹೊಸ ಚಿಲ್ಲರೆ ಸಾಲ ಕೊಡುವಾಗ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕು, ಅದರಲ್ಲಿ ಶುಲ್ಕವೆಲ್ಲ ಸೇರಿಸಿದ ವಾರ್ಷಿಕ ದರ ನಮೂದಾಗಿರಬೇಕು. ಸಹಿ ಹಾಕುವ ಮುನ್ನ ಆ ಒಂದು ಅಂಕಿಯನ್ನು ಹುಡುಕಿ. ಪಕ್ಕದಲ್ಲಿ ಎಲೆ ಅಡಿಕೆ ಜೋಡಿಸುವವರು ಯಾರಾದರೂ ಇದ್ದರೆ ಅವರಿಗೂ ತೋರಿಸಿ.

9. ಖಾತರಿ ಮತ್ತು ಷರತ್ತು

ಒಬ್ಬ ಕೇಳುಗನ ಮೇಲೆ ಒಂದೇ ಸಲ ಖಾತರಿ. ಬಿದ್ದವನು ಮಾರನೆಯ ದಿನ ಆಫೀಸಿನಲ್ಲಿ ಇದನ್ನೇ ಇನ್ನೊಬ್ಬರಿಗೆ ಕೇಳಿದರೆ ನಮ್ಮ ಆಕ್ಷೇಪವಿಲ್ಲ, ಈ ಸರಕಿಗೆ ಬೇರೆ ಜಾಹೀರಾತು ಇಲ್ಲ.

ಒಂದು ಷರತ್ತು ಮಾತ್ರ ಕಡ್ಡಾಯ. ಕೇಳುಗ ಸೋತೆನೆಂದ ಮೇಲೆ ಬಿಡಿಸಿ ಹೇಳಲೇಬೇಕು: ಎರಡನ್ನು ಕೂಡಿದ್ದು ಎಲ್ಲಿ, ಕಳೆಯಬೇಕಾದದ್ದು ಯಾಕೆ, 54ರ ಲೆಕ್ಕ ಹೇಗೆ. ಊಟಕ್ಕೆ ಕರೆ ಬಂದರೂ ಹೇಳಿ ಮುಗಿಸಿಯೇ ಏಳಬೇಕು. ಉತ್ತರ ಹೇಳಿದರೆ ಅದು ಒಗಟು. ಹೇಳದೆ ಎದ್ದು ಹೋದರೆ ಅದು ವ್ಯಾಪಾರ, ಅದಕ್ಕೆ ಬೇರೆ ಲೈಸೆನ್ಸು ಬೇಕು.